ಬೀಗ ಹಾಕಿದ ವಾಡೆಯ ದೀಪ

ಇಲಿ ಬಿದ್ದ ಮೇಲೆ ಮನೆಯಲ್ಲಿ ಇರಬಾರದು ಎನ್ನುವುದು ಆ ಕಾಲದ ಧಾರವಾಡದಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿತ್ತು. ಜಂತಿಯಿಂದ ಒಂದು ಇಲಿ ತೂರಾಡುತ್ತ ಇಳಿದು, ಹಾಡಹಗಲಿನಲ್ಲಿ, ಮನುಷ್ಯರ ಅಂಜಿಕೆಯಿಲ್ಲದೆ ನಡುಮನೆಗೆ ಬಂದು ಕಾಲು ಚಾಚಿತೋ, ಮುಗಿಯಿತು. ಒಲೆಯ ಮೇಲಿನ ಅನ್ನ ಒಲೆಯ ಮೇಲೆಯೇ ಇರಲಿ. ಹಾಸಿಗೆ ಸುತ್ತಬೇಕು, ಬೀಗ ಜಡಿಯಬೇಕು, ಊರ ಹೊರಗೆ ಗುಡಿಸಲು ಹಾಕಿಕೊಂಡು ಪ್ಲೇಗು ಇಳಿಯುವತನಕ ಅಲ್ಲೇ ಬಿದ್ದಿರಬೇಕು. ಪ್ಲೇಗು ಯಾರ ಜಾತಿಯನ್ನೂ ಕೇಳುವುದಿಲ್ಲ, ಪಾಪ. ಗುಡಿಸಲಿಗೆ ಜಾಗ ಕೊಡುವವರು ಮಾತ್ರ ಕೇಳುತ್ತಿದ್ದರು. ಒಂದೊಂದು ಓಣಿಯವರದು ಒಂದೊಂದು ಸಾಲು, ಆ ಸಾಲಿನಲ್ಲಿ ಯಾರಿರಬೇಕು ಯಾರಿರಬಾರದು ಎನ್ನುವುದು ಓಣಿಯ ಹಿರಿಯರ ಮಾತು.

ಖಾದಿ ಟೊಪ್ಪಿಗೆ ಧಾರವಾಡದವರ ತಲೆಯ ಮೇಲೆ ಆಗತಾನೇ ಏರುತ್ತಿದ್ದ ವರ್ಷಗಳವು. ಮಾರ್ಗಶಿರದ ಚಳಿಯಲ್ಲಿ ಇಲಿಗಳು ಬೀಳತೊಡಗಿದಾಗ ತ್ರ್ಯಂಬಕ ಮಾಸ್ತರನಿಗೆ ಮಾತ್ರ ಯಾವ ಸಾಲಿನಲ್ಲೂ ಜಾಗವಿರಲಿಲ್ಲ.

ತ್ರ್ಯಂಬಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ನಾಲಿಗೆ ಬಲು ಹರಿತ, ಹಟ ಅದಕ್ಕಿಂತ ಹರಿತ. ಅವನು ಹುಟ್ಟಾ ನಾಸ್ತಿಕನೇನಲ್ಲ. ಕೆಲವು ವರ್ಷಗಳ ಹಿಂದೆ ಹೆಂಡತಿ ಸುಲಭಾ ಬಾಣಂತಿ ಜ್ವರದಲ್ಲಿ ಬೇಯುತ್ತಿದ್ದಾಗ ಅವನ ತಂದೆ ಡಾಕ್ಟರನ್ನು ಕರೆಯಗೊಡದೆ ಅಭಿಷೇಕದ ಮೇಲೆ ಅಭಿಷೇಕ ಮಾಡಿಸುತ್ತ ಕೂತರು. ಎದುರಾಡುವ ಧೈರ್ಯ ಆಗ ಇವನಿಗೂ ಇರಲಿಲ್ಲ. ಅಭಿಷೇಕ ಮುಗಿಯುವ ಮೊದಲೇ ಸುಲಭಾ ಮುಗಿದಳು, ಕೂಸೂ ಉಳಿಯಲಿಲ್ಲ. ನೆಂಟರಲ್ಲಿ ಒಬ್ಬರೂ ಆ ಜ್ವರದ ಕೋಣೆಗೆ ಕಾಲಿಟ್ಟಿರಲಿಲ್ಲ. ಹದಿಮೂರನೆಯ ದಿನದ ಊಟಕ್ಕೆ ಮಾತ್ರ ಪಂಕ್ತಿ ತುಂಬಿತ್ತು. ಅಂದೇ ಜನಿವಾರ ತೆಗೆದು ಗೂಟಕ್ಕೆ ಹಾಕಿದ. ಮುಂದೆ ತಂದೆ ತೀರಿಕೊಂಡಾಗ ಶ್ರಾದ್ಧ ಮಾಡುವುದಿಲ್ಲ ಎಂದುಬಿಟ್ಟ. ದೇವರನ್ನು ಬಿಟ್ಟವರು ಮನುಷ್ಯರನ್ನಾದರೂ ಹಿಡಿದುಕೊಳ್ಳುತ್ತಾರೆ. ಇವನು ಇಬ್ಬರನ್ನೂ ಒಟ್ಟಿಗೇ ಬಿಟ್ಟಿದ್ದ.

ಅವನಿದ್ದದ್ದು ಬಾಳಕೃಷ್ಣರಾಯರ ವಾಡೆಯ ಮುಂದಿನ ಖೋಲಿಯಲ್ಲಿ, ಬಾಡಿಗೆಗೆ. ಆ ಖೋಲಿಗೆ ಓಣಿಯ ಕಡೆಗೆ ಒಂದು ಬಾಗಿಲು, ವಾಡೆಯ ಒಳಗೆ ಒಂದು ಬಾಗಿಲು. ರಾಯರು ಓಣಿಗೆ ಹಿರಿಯರು, ಆಚಾರವಂತರು. ಈ ಧರ್ಮಗೇಡಿಯನ್ನು ಖೋಲಿ ಬಿಡಿಸಬೇಕೆಂದು ಎಷ್ಟೋ ಸಲ ಹೊರಟಿದ್ದರು. ಏಕೋ ಆ ಮಾತು ಪ್ರತಿಸಲವೂ ಅಡುಗೆಮನೆಯವರೆಗೆ ಹೋಗಿ ಅಲ್ಲಿಯೇ ನಿಂತುಬಿಡುತ್ತಿತ್ತು. ಅಡುಗೆಮನೆ ರಾಯರ ವಿಧವೆ ಅತ್ತಿಗೆ ಅಂಬಾಬಾಯಿಯದು. ಕಟ್ಟಾ ಮಡಿಯ ಹೆಂಗಸು. ಬೋಳುತಲೆಯ ಮೇಲೆ ಒದ್ದೆ ಸೆರಗು ಹೊದ್ದು ಆಕೆ ಬಾವಿಯಿಂದ ಒಳಗೆ ನಡೆದರೆ ಮನೆಯ ಮಕ್ಕಳು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. "ಕಾಕು, ನಿಮ್ಮ ಮಡಿಗೆ ಗಾಳಿ ತಾಕಿದ್ರ ನಡೀತದೇನ್ರಿ?" ಎಂದು ತ್ರ್ಯಂಬಕ ಕಿಟಕಿಯಿಂದ ಕೆಣಕುವುದು, "ನಿನ್ನ ಮ್ಯಾಲಿಂದ ಬಂದ ಗಾಳಿ ಆದ್ರ ಮತ್ತ ಸ್ನಾನಾ ಮಾಡ್ತೀನಿ" ಎಂದು ಆಕೆ ತಿರುಗಿ ಅನ್ನುವುದು ನಡೆದೇ ಇತ್ತು.

ವಾಡೆಯಲ್ಲಿ ಇಲಿ ಬಿದ್ದ ದಿನ ರಾಯರು ಅವನ ಬಾಗಿಲಿಗೆ ಬಂದರು. ಬೀದಿಯಲ್ಲಿ ಚಕ್ಕಡಿ ಕಟ್ಟಿತ್ತು.

"ತ್ರ್ಯಂಬಕಾ, ಕೆಲಗೇರಿ ಕಡೆ ಮಾವಿನ ತೋಪಿನ್ಯಾಗ ನಮ್ಮ ಸಾಲು. ನಿನಗೂ ಒಂದು ಗುಡಿಸಲಾ ಹಾಕಸ್ತೀನಿ. ಆದ್ರ ಪ್ರಾಯಶ್ಚಿತ್ತ ಮಾಡಿಕೊ. ಜನಿವಾರ ಹಾಕ್ಕೊ, ಪಂಚಗವ್ಯ ತೊಗೊ. ನಾಲ್ಕು ಮಂದಿ ನನಗ ಬೆರಳು ತೋರಸಬಾರದು."

"ಪಂಚಗವ್ಯಕ್ಕಿಂತ ಪ್ಲೇಗು ಛಲೋ ರಾಯರ."

"ಸಾಯ್ತೀಯೋ ಹುಚ್ಚಾ!"

"ಸಾಯೂದು ನಾನು. ಅದಕ್ಕೂ ನಿಮ್ಮ ಅಪ್ಪಣಿ ಬೇಕೇನು?"

ರಾಯರ ಮುಖದ ಮೇಲೆಯೇ ಬಾಗಿಲು ಹಾಕಿ ಅಗಳಿ ಜಡಿದ. ಒಳಬಾಗಿಲಿಗೂ ಜಡಿದ. ಇಲಿ ಬಿದ್ದ ಮನೆಯಲ್ಲಿ ಒಂದು ದಿನವೂ ಇರಬೇಡಿ ಎಂದು ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಕೈ ಅದು, ನೋಡಿ! ಹೋದ ವರ್ಷ ಪ್ಲೇಗಿನ ಸೂಜಿ ಚುಚ್ಚಿಸಿಕೊಂಡಿದ್ದೇನಲ್ಲ, ನನಗೇನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹುಬ್ಬಳ್ಳಿಯಲ್ಲಿ ದೂರದ ನೆಂಟರಿದ್ದರು, ಅಲ್ಲಿಗಾದರೂ ಹೋಗಬಹುದಿತ್ತು. ಆದರೆ ಇನ್ನೊಬ್ಬರ ಹೊಸ್ತಿಲ ಮುಂದೆ ನಿಂತು ಇರಲೇ ಎಂದು ಕೇಳುವ ಜೀವವಲ್ಲ ಅದು.

ಮರುದಿನದ ಹೊತ್ತಿಗೆ ಓಣಿ ಬರಿದಾಯಿತು. ಬೀಗ ಬಿದ್ದ ಬಾಗಿಲುಗಳ ಮೇಲೆ ಮುನಸಿಪಾಲ್ಟಿಯವರು ಸುಣ್ಣದಲ್ಲಿ ಗುರುತು ಬರೆದು ಹೋದರು. ಬೀದಿನಾಯಿಗಳೂ ಜನರ ಹಿಂದೆಯೇ ಹೋಗಿದ್ದವು. ರಂಗೋಲಿಯ ಮೇಲೆ ಎಲೆ ಬಿದ್ದವು, ಗುಡಿಸುವವರಿಲ್ಲ. ಓಣಿಯ ತುದಿಯ ಬಾವಿಯ ಗಾಲಿ ಗಾಳಿಗೆ ತಾನೇ ಕಿರುಗುಟ್ಟಿದರೆ ತ್ರ್ಯಂಬಕ ಬೆಚ್ಚಿ ಕಿಟಕಿಗೆ ಬರುತ್ತಿದ್ದ. ಎದುರು ಮನೆಯ ಕಟ್ಟೆಯ ಮೇಲೆ ಒಂದು ಇಲಿ ಕೂತಿತ್ತು. ಅವನನ್ನೇ ನೋಡುತ್ತಿದ್ದಂತೆ ಕಂಡಿತು. ಛೇ, ಇಲಿ ಮನುಷ್ಯನನ್ನು ಯಾಕೆ ನೋಡುತ್ತದೆ ಎಂದು ತನ್ನನ್ನೇ ಬೈದುಕೊಂಡ. ಇನ್ನೊಮ್ಮೆ ನೋಡುವಷ್ಟರಲ್ಲಿ ಅದು ಪಕ್ಕಕ್ಕೆ ಹೊರಳಿ ಬಿದ್ದಿತ್ತು.

ಆಮೇಲೆ ಚಳಿ ಬಂತು. ಮಾರ್ಗಶಿರದ ಚಳಿ ಎಂದುಕೊಂಡ. ತಲೆ ಸಿಡಿಯತೊಡಗಿತು, ಓದಿದ್ದು ಬಹಳವಾಯಿತು ಎಂದುಕೊಂಡ. ತೊಡೆಯ ಸಂದಿಯಲ್ಲಿ ಅಡಿಕೆಯಷ್ಟು ಗಂಟು ಕೈಗೆ ಹತ್ತಿದಾಗ ಅಂದುಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ. ಕೊಡದಲ್ಲಿ ನೀರು ತಳ ಕಂಡಿತ್ತು, ಬಾವಿಯವರೆಗೆ ಕಾಲು ನಡೆಯವು. ಕೂಗಿದರೆ ಕೇಳುವವರು ಓಣಿಯಲ್ಲಿ ಯಾರೂ ಇಲ್ಲ, ಇದ್ದರೂ ತಾನು ಕೂಗುವವನಲ್ಲ. ಹೀಗೆಯೇ ಸತ್ತರೆ ವಾಸನೆ ಬಂದ ಮೇಲೆಯೇ ಜನಕ್ಕೆ ಗೊತ್ತಾಗುವುದು ಎಂದು ಲೆಕ್ಕ ಹಾಕಿದ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಯಿತು. ಗೋಡೆಯ ಕಡೆ ಮುಖ ತಿರುಗಿಸಿ ಅತ್ತ.

ಹೊತ್ತು ಇಳಿಯುವಾಗ ಓಣಿಯ ಬಾಗಿಲು ಬಡಿದ ಸದ್ದಾಯಿತು.

"ತ್ರ್ಯಂಬಕಾ, ಬಾಗಲಾ ತಗಿ."

"ಯಾರು?"

"ಅಂಬಾಬಾಯಿ."

"ನನಗ ಯಾರೂ ಬ್ಯಾಡ. ಹೋಗ್ರಿ ಕಾಕು."

"ನೀನೂ ನನಗ ಬೇಕಾಗಿಲ್ಲೊ. ದೇವರ ದೀಪಾ ಹಚ್ಚಬೇಕು. ತಲಬಾಗಲ ಕೀಲಿ ಬಾಳಕೃಷ್ಣನ ಉಡದಾರದಾಗದ. ನಿನ್ನ ಖೋಲಿ ಬಿಟ್ಟರ ಒಳಗ ಹೋಗಲಿಕ್ಕೆ ನನಗ ಬ್ಯಾರೆ ದಾರಿ ಇಲ್ಲ."

"ದೇವರನ್ನ ಒಯ್ದಿಲ್ಲೇನು?"

"ಸಣ್ಣ ದೇವರನ್ನ ಒಯ್ದಾರ. ದೊಡ್ಡ ಲಕ್ಷ್ಮೀನಾರಾಯಣನ್ನ ಪೀಠದಿಂದ ಎಬ್ಬಸಬಾರದು. ಲಗೂ ತಗಿ, ದೀಪದ ಹೊತ್ತು ಮೀರಲಿಕತ್ತದ."

ಗೋಡೆ ಹಿಡಿದು ಎದ್ದು ತೆಗೆದ. ತನಗಾಗಿ ಬಂದದ್ದಲ್ಲ, ದಾರಿ ಬಿಟ್ಟರಾಯಿತು. ಒಳಬಾಗಿಲ ಅಗಳಿಯನ್ನೂ ಸರಿಸಿದ. ಆಕೆ ಅವನನ್ನು ಒಮ್ಮೆ ನೋಡಿ ಒಳಗೆ ಹೋದಳು. ಕತ್ತಲೆಯ ಒಳಮನೆಯಿಂದ ಗುಣುಗುಣು ಸ್ತೋತ್ರ ಸ್ವಲ್ಪ ಹೊತ್ತು ಕೇಳಿಸಿತು. ಹೊರಗೆ ಬಂದವಳು ಬಾಗಿಲಲ್ಲಿ ನಿಂತಳು.

"ಗಂಟು ಎಲ್ಲೆದ್ದದ?"

"ನಿಮಗ್ಯಾಕ?"

"ಕೇಳಿದ್ದಕ್ಕ ಹೇಳು."

"ತೊಡಿ ಸಂದ್ಯಾಗ."

ಖಾಲಿ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ತುಂಬಿ ತಂದು ತಲೆದಿಂಬಿನ ಹತ್ತಿರ ಇಟ್ಟು, ಸೆರಗಿನ ಮರೆಯಿಂದ ಸಣ್ಣ ಹಿತ್ತಾಳೆ ತಂಬಿಗೆ ತೆಗೆದಳು. ಅದರಲ್ಲಿ ಗಂಜಿ ಇತ್ತು.

"ದೇವರ ನೈವೇದ್ಯ. ಚೆಲ್ಲಬಾರದು, ಕುಡಿ."

"ನೈವೇದ್ಯಾ ನಾ ತೊಗೋಳೂದಿಲ್ಲ."

"ಹಂಗಾದ್ರ ನಾಯಿಗೆ ಹಾಕು."

ಓಣಿಯಲ್ಲಿ ನಾಯಿ ಎಲ್ಲಿದೆ? ಆಕೆ ಹೋದ ಮೇಲೆ ತಂಬಿಗೆಯನ್ನು ಬಹಳ ಹೊತ್ತು ದಿಟ್ಟಿಸಿದ. ಆಮೇಲೆ ಕುಡಿದ.

ಮರುದಿನ ಸಂಜೆಯೂ ಬಂದಳು. ಅದರ ಮರುದಿನವೂ. ಪ್ರತಿದಿನವೂ ಅದೇ ಮಾತು, ದೇವರ ದೀಪ. ಒಳಗೆ ಹೋಗುವುದು, ಗುಣುಗುಣು, ಹೊರಗೆ ಬರುವುದು, ಹೇಗೂ ಬಂದಿದ್ದೇನಲ್ಲ ಎನ್ನುವಂತೆ ಅವನ ಬೆವರು ಒರೆಸುವುದು, ಹೊಲಸು ಬಳಿಯುವುದು, ಬೇವಿನೆಲೆ ಅರೆದು ಗಂಟಿಗೆ ಕಟ್ಟುವುದು. ಯಾರ ನೆರಳೂ ಸೋಕದಂತೆ ನಡೆದ ಹೆಂಗಸು, ಜನಿವಾರವಿಲ್ಲದ, ಶ್ರಾದ್ಧ ಮಾಡದ, ಕಂಡವರ ಮನೆಯಲ್ಲಿ ಉಂಡ ಗಂಡಸಿನ ಮೈಯನ್ನು ಎರಡೂ ಕೈಯಿಂದ ಮುಟ್ಟಿ ಮಗ್ಗುಲು ಹೊರಳಿಸುತ್ತಿದ್ದಳು.

"ಮಡಿ ಕೆಡ್ತಲ್ಲರಿ ಕಾಕು?"

"ಕೆಡ್ತು. ಬಾವ್ಯಾಗ ನೀರದ."

"ತೋಪಿನ್ಯಾಗ ಮಂದಿ ತಡಿಯೂದಿಲ್ಲೇನು? ಊರಾಗ ಹೋದವರನ್ನ ತಿರುಗಿ ಒಳಗ ಬಿಡೂದಿಲ್ಲಂತ."

"ಅನುಷ್ಠಾನ ಹಿಡದೀನಿ ಅಂತ ಹೇಳೀನಿ. ಸಾಲಿನ ಕಡೀಗಿಂದು, ದೂರದ ಗುಡಿಸಲಾ ನಂದು. ನನ್ನ ಯಾರೂ ಮುಟ್ಟಬಾರದು, ಸನೇಕ ಬರಬಾರದು. ಸಂಜೀಮುಂದ ಕೆರಿ ದಂಡಿಗೆ ಜಪಕ್ಕ ಹೋಗ್ತಾಳ ಅಂತ ತಿಳದಾರ. ಹೋಗೂಮುಂದ ಮೈಮ್ಯಾಲೆ ನೀರು ಹಾಕ್ಕೊಂಡು ಹೋಗ್ತೀನಿ. ಮಕ್ಕಳು ಅದಾವಲ್ಲ ಅಲ್ಲೆ."

ಅಲ್ಲಾ, ಹೊಲೆಗೇರಿಯ ನೆರಳನ್ನೂ ಗುಡಿಯ ಬಾವಿಯ ಹತ್ತಿರ ಬಿಡದ ಮಡಿ, ಇವನು ವರ್ಷಗಟ್ಟಲೆ ಉಗಿದ ಮಡಿ, ಅದನ್ನೇ ಈ ಮುದುಕಿ ಪ್ಲೇಗಿಗೂ ಮಕ್ಕಳಿಗೂ ನಡುವೆ ಬೇಲಿ ಮಾಡಿ ನಿಲ್ಲಿಸಿದ್ದಳು. ಆದರೆ ತ್ರ್ಯಂಬಕನ ತಲೆಗೆ ಅದು ಹೋಗಲಿಲ್ಲ. ಅವನಿಗೆ ಕಂಡದ್ದು ಕಲ್ಲಿಗೆ ದೀಪ ಹಚ್ಚುವುದಕ್ಕಾಗಿ ಸಾವಿನ ಊರಿಗೆ ಬರುವ ಹುಚ್ಚು ಮಾತ್ರ. ಜ್ವರ ಏರಿದ್ದ ಒಂದು ಸಂಜೆ ಅದು ಬಾಯಿಂದ ಬಂದೇ ಬಿಟ್ಟಿತು.

"ನಿಮಗ ನಾಚಿಕಿ ಆಗಂಗಿಲ್ಲೇನು? ಇಲ್ಲೆ ಒಬ್ಬ ಮನುಷ್ಯಾ ಸಾಯಲಿಕತ್ತಾನ. ನಿಮಗ ಆ ಕಲ್ಲಿನ ಚಿಂತಿ. ನಾ ಸತ್ತುಬಿದ್ರೂ ನನ್ನ ಹೆಣಾ ದಾಟಿಕೊಂಡು ಹೋಗಿ ದೀಪಾ ಹಚ್ಚತೀರಿ ನೀವು. ಆ ದೀಪದ ಉಳಿದ ಎಣ್ಣಿ ನನಗ, ಅಷ್ಟ."

ಅಂಬಾಬಾಯಿ ಒದ್ದೆ ಬಟ್ಟೆ ಹಿಂಡಿ ಅವನ ಹಣೆಯ ಮೇಲೆ ಹಾಕಿದಳು.

"ಹಚ್ಚತೀನಿ. ಅದಕ್ಕ ಸಾಯಬ್ಯಾಡ. ಈ ವಯಸ್ಸಿನ್ಯಾಗ ದಾಟಲಿಕ್ಕೆ ನನಗ ತ್ರಾಸ ಆಗ್ತದ."

ಆಮೇಲಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಸುಲಭಾ ಬಂದು ಮೂಲೆಯಲ್ಲಿ ಕೂತಂತೆ, ಮಾಡಿನಿಂದ ಇಲಿಗಳು ಮಳೆಯಂತೆ ಉದುರಿದಂತೆ, ಯಾರೋ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೈಯುತ್ತಿದ್ದಂತೆ. ಗಂಟು ಒಡೆಯಿತು. ಕೀವು ಹರಿದು ಹೋಯಿತು, ಅದರ ಹಿಂದೆ ಜ್ವರವೂ ಇಳಿಯಿತು. ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ ಕಿಟಕಿಯ ಬಿಸಿಲು ಬಿಸಿಲಿನಂತೆಯೇ ಕಂಡಿತು. ಹಸಿವಾಯಿತು. ಬದುಕಿದೆ ಎಂದುಕೊಂಡ.

ಆ ಸಂಜೆ ಅಂಬಾಬಾಯಿ ತಡವಾಗಿ ಬಂದಳು. ಒಳಗೆ ಹೋಗಿ ಬಂದವಳು ಗೋಡೆಗೆ ಒರಗಿ ಕೂತಳು. ತ್ರ್ಯಂಬಕನಿಗೋ, ಹೊಸ ಜೀವ ಬಂದ ಹುರುಪು, ಮಾತೇ ಮಾತು. ಹೋದ ವರ್ಷದ ಸೂಜಿಯ ಗುಣ ಸ್ವಲ್ಪ ಉಳಿದಿತ್ತು, ಅದಕ್ಕೇ ಬದುಕಿದೆ ಎಂದ. ಒಮ್ಮೆ ಬಂದು ಹೋದವನಿಗೆ ಮತ್ತೆ ಬರುವುದಿಲ್ಲ, ಇನ್ನು ಪ್ಲೇಗಿಗೆ ನಾನು ಬೇಡ ಎಂದ. ಆಕೆ ಹೂಂ ಎನ್ನುತ್ತಿದ್ದಳು. ನಡುನಡುವೆ ಕೈಯನ್ನು ಕಂಕುಳಿಗೆ ಒಯ್ದು ಒತ್ತಿಕೊಳ್ಳುತ್ತಿದ್ದಳು.

"ಯಾಕ್ರಿ ಕಾಕು, ಮಾರಿ ಕೆಂಪಾಗೇದ?"

"ಬಿಸಿಲಾಗ ಬಂದೆ."

ಬಿಸಿಲು ಎಲ್ಲಿತ್ತು? ಸಂಜೆಯ ಚಳಿಗೆ ಊರೆಲ್ಲ ನಡುಗುತ್ತಿತ್ತು. ಪ್ಲೇಗಿನ ಲಕ್ಷಣಗಳನ್ನು ಮಕ್ಕಳಿಗೆ ಬರೆಸಿದ ಮಾಸ್ತರ ಆ ಮಾತನ್ನು ಕೇಳಿ ತಲೆಯಾಡಿಸಿ, ಗಂಜಿಗೆ ಉಪ್ಪು ಕಡಿಮೆ ಎಂದ.

ಮರುದಿನ ಆಕೆ ಬರಲಿಲ್ಲ.

ಅದರ ಮರುದಿನವೂ ದೀಪದ ಹೊತ್ತು ಬಂತು, ಬಾಗಿಲು ಬಡಿದ ಸದ್ದು ಬರಲಿಲ್ಲ. ತ್ರ್ಯಂಬಕ ಕಿಟಕಿಯಲ್ಲಿ ಕೂತು ಓಣಿಯ ತುದಿಯನ್ನೇ ಕಾದ. ಮೊದಲು ಸಿಟ್ಟು ಬಂತು, ನಾನು ಬದುಕಿದೆನೆಂದು ಬರುವುದನ್ನೇ ಬಿಟ್ಟಳೇ ಎಂದು. ಆಮೇಲೆ ತನಗೇ ನಗು ಬಂತು. ಆಕೆ ಬರುತ್ತಿದ್ದದ್ದು ನನ್ನ ಸಲುವಾಗಿ ಯಾವಾಗ ಇತ್ತು? ದೇವರ ಸಲುವಾಗಿ. ಹಾಗಿದ್ದರೆ ದೇವರನ್ನು ಯಾಕೆ ಬಿಟ್ಟಳು? ತೋಪಿನಲ್ಲಿ ಸಿಕ್ಕಿಬಿದ್ದಿರಬೇಕು, ರಾಯರು ಬಿಡಲೊಲ್ಲರು, ದೀಪ ಕತ್ತಲಾಯಿತೆಂದು ಮುದುಕಿ ಅಲ್ಲಿ ಒದ್ದಾಡುತ್ತಿರಬೇಕು. ತನ್ನ ಹೊಲಸು ಬಳಿದ ಹೆಂಗಸು. ಅವಳ ಸಮಾಧಾನಕ್ಕೆ ಒಂದು ಕಡ್ಡಿ ಗೀರಿದರೆ ತನ್ನ ವಿಜ್ಞಾನಕ್ಕೇನು ಕೊರತೆ? ಕಲ್ಲಿಗಲ್ಲ, ಅಂಬಾಕಾಕುಗೆ ಹಚ್ಚಿದಂತೆ. ಕಡ್ಡಿಪೆಟ್ಟಿಗೆ ತೆಗೆದುಕೊಂಡು, ಗೋಡೆ ಹಿಡಿದು, ಜನ್ಮದಲ್ಲಿ ಮೊದಲ ಸಲ ಆ ವಾಡೆಯ ದೇವರ ಕೋಣೆಗೆ ಹೋದ.

ಒಳಗೆ ಸತ್ತ ಇಲಿಯ ವಾಸನೆ. ಬಾಗಿಲು ತಳ್ಳಿ ಕಡ್ಡಿ ಗೀರಿದ.

ಪೀಠದ ಮೇಲೆ ದೇವರಿರಲಿಲ್ಲ. ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ದೀಪದ ಕಂಬವಿಲ್ಲ, ಬತ್ತಿಯಿಲ್ಲ, ಎಣ್ಣೆಯ ಗಿಂಡಿಯಿಲ್ಲ. ಪೀಠದ ಮೇಲೆ, ನೆಲದ ಮೇಲೆ, ಜನ ಹೋದ ದಿನದಿಂದ ಬಿದ್ದ ಧೂಳು ಹಾಗೆಯೇ ಇತ್ತು. ಕಡ್ಡಿ ಬೆರಳು ಸುಟ್ಟಿತು. ಇನ್ನೊಂದು ಗೀರಿದ. ಬಾಗಿಲ ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗದಲ್ಲಿ ಮಾತ್ರ ಧೂಳಿರಲಿಲ್ಲ. ಪ್ರತಿ ಸಂಜೆ, ದೀಪ ಹಚ್ಚಿ ಸ್ತೋತ್ರ ಹೇಳಲು ಹಿಡಿಯುವಷ್ಟು ಹೊತ್ತು, ಅಂಬಾಬಾಯಿ ಆ ಕತ್ತಲೆಯಲ್ಲಿ, ಆ ಇಲಿಗಳ ನಡುವೆ, ದೀಪವಿಲ್ಲದೆ ಗುಣುಗುಣು ಎನ್ನುತ್ತ ಕೂತು ಎದ್ದು ಬಂದಿದ್ದಳು. ಒಳಬಾಗಿಲ ಸಂದಿಯಿಂದ ಬೆಳಕು ಬಿದ್ದದ್ದನ್ನು ತಾನು ಒಂದು ದಿನವೂ ಕಂಡಿಲ್ಲ ಎನ್ನುವುದು ಅವನಿಗೆ ಆಗ ಹೊಳೆಯಿತು. ಕಂಕುಳಿಗೆ ಹೋಗುತ್ತಿದ್ದ ಕೈ ನೆನಪಾಯಿತು. ಬಿಸಿಲಾಗ ಬಂದೆ ಎಂದದ್ದು ನೆನಪಾಯಿತು.

"ಅಯ್ಯೋ, ನನ್ನ ಬುದ್ಧಿಗೆ ಬೆಂಕಿ ಬೀಳಲಿ!" ಎಂದು ಗಟ್ಟಿಯಾಗಿ ಕೂಗಿಕೊಂಡ. ಬೀಗ ಬಿದ್ದ ವಾಡೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ಕೋಲೂರಿಕೊಂಡು, ರಾತ್ರಿಯೆಲ್ಲ ಕೂತು ಎದ್ದು, ಕೆಲಗೇರಿಯ ಕಡೆ ನಡೆದ. ತೋಪು ಮುಟ್ಟುವಾಗ ಮರುದಿನ ಹೊತ್ತು ಏರಿತ್ತು. ತೋಪಿನ ಬೇಲಿಯ ಹತ್ತಿರ ಕಾವಲಿನ ಮೈಲಾರಪ್ಪ ದೊಣ್ಣೆ ಅಡ್ಡ ಹಿಡಿದ.

"ಒಳಗ ಬರಬ್ಯಾಡ್ರಿ ಮಾಸ್ತರ. ಊರಾಗಿಂದ ಬಂದವರನ್ನ ಬಿಡಾಕ ಬರೂದಿಲ್ರಿ."

ಗದ್ದಲ ಕೇಳಿ ಬಾಳಕೃಷ್ಣರಾಯರು ಬಂದರು, ಅವರ ಹಿಂದೆ ಹೆಂಡತಿ ಮಂದಾಕಿನಿ. ಹತ್ತಿರ ಬರಲಿಲ್ಲ.

"ಅಂಬಾಕಾಕು ಎಲ್ಲೆ?" ತ್ರ್ಯಂಬಕ ಕೇಳಿದ.

"ವೈನಿ ಅನುಷ್ಠಾನದಾಗ ಇದ್ದಾರ. ಮೊನ್ನೆಯಿಂದ ಮೌನ ಹಿಡದಾರ. ನೀ ಯಾಕ ಅವರ ಹೆಸರು ಎತ್ತತೀ?"

"ಹೊರಗಿಟ್ಟ ನೀರು ಹಂಗ ಅದ, ಮುಟ್ಟಿಲ್ಲ ಅಂತ ನಾ ಹೇಳಲಿಕತ್ತೀನಿ, ಇವರು ಕೇಳವಲ್ಲರು," ಎಂದಳು ಮಂದಾಕಿನಿ.

"ಉಪವಾಸ ಇರಬೇಕು. ವ್ರತ ಕೆಡಸಬಾರದು, ಸುಮ್ಮನಿರು."

"ಅದು ವ್ರತ ಅಲ್ಲ ರಾಯರ, ಪ್ಲೇಗು. ನನ್ನಿಂದ ಬಂದದ್ದು."

ಅಲ್ಲಿದ್ದವರೆಲ್ಲ ಒಂದೇ ಸಲಕ್ಕೆ ಹಿಂದೆ ಸರಿದರು. ಮೈಲಾರಪ್ಪನ ದೊಣ್ಣೆಯೂ ಸರಿಯಿತು. ಆಕೆ ಕಟ್ಟಿದ ಬೇಲಿ ಎಷ್ಟು ಗಟ್ಟಿಯಾಗಿತ್ತೆಂದರೆ ಒಳಗೆ ಆಕೆ ಸಾಯುತ್ತಿದ್ದರೂ ಹೊರಗಿನವರು ಕೈಮುಗಿದು ದೂರ ನಿಂತಿದ್ದರು. "ನನಗ ಬಂದು ಹೋಗೇದ, ನಾ ಮುಟ್ಟಿದ್ರ ನಡೀತದ. ನೀವು ಯಾರೂ ಬರಬ್ಯಾಡ್ರಿ, ಮಕ್ಕಳನ್ನ ದೂರ ಒಯ್ಯಿರಿ," ಎಂದು ತ್ರ್ಯಂಬಕ ಕಡೆಯ ಗುಡಿಸಲಿಗೆ ನಡೆದ. ರಾಯರು ಮಾತ್ರ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು ದೂರದಿಂದ ಹಿಂದೆಯೇ ಬಂದು, ಮಾತು ಕೇಳಿಸುವಷ್ಟು ದೂರದ ಒಂದು ಮಾವಿನ ಮರದ ಕೆಳಗೆ ನಿಂತರು.

ಅಂಬಾಬಾಯಿ ಚಾಪೆಯ ಮೇಲೆ ಮುದುಡಿ ಬಿದ್ದಿದ್ದಳು. ಮುಟ್ಟಿದರೆ ಕೈ ಸುಡುತ್ತಿತ್ತು. ಹೊರಗಿನ ನೀರು ತಂದು ತುಟಿಗೆ ಹನಿಸಿದ. ಕಣ್ಣು ಬಿಟ್ಟಳು.

"ದೀಪದ ಹೊತ್ತಾತೇನು?"

"ಕಾಕು, ನಾ ದೇವರ ಖೋಲ್ಯಾಗ ಹೋಗಿದ್ದೆ."

"ಮಡಿ ಇಲ್ಲದ?"

"ಅಲ್ಲೆ ದೇವರಿಲ್ಲ."

"ನೀ ಮೊದಲಿಂದನೂ ಹಂಗ ಅಂತೀಯಲ್ಲೊ."

"ಚಾಷ್ಟಿ ಬ್ಯಾಡ್ರಿ!" ಎಂದ ತ್ರ್ಯಂಬಕ. "ಯಾಕ ಸುಳ್ಳು ಹೇಳಿದ್ರಿ? ಯಾಕ ಬಂದ್ರಿ? ನಾ 'ಕಲ್ಲಿನ ಚಿಂತಿ' ಅಂತ ಅಂದಾಗರ ಖರೇ ಹೇಳಬಾರದಾಗಿತ್ತೇನು?"

ಅಂಬಾಬಾಯಿ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

"ನಿನ್ನ ಸಲುವಾಗಿ ಬಂದೀನಿ ಅಂದಿದ್ರ ನೀ ಬಾಗಲಾ ತಗೀತಿದ್ಯೇನು?"

ಅದರ ಉತ್ತರ ಇಬ್ಬರಿಗೂ ಗೊತ್ತಿತ್ತು. ತೆಗೆಯುತ್ತಿರಲಿಲ್ಲ. ಅಗಳಿ ಜಡಿದುಕೊಂಡು, ಯಾರೂ ಬರಲಿಲ್ಲ, ಮನುಷ್ಯರೇ ಹೀಗೆ ಎಂದು ಗೋಡೆಗೆ ಹೇಳಿಕೊಳ್ಳುತ್ತ ಸಾಯುತ್ತಿದ್ದ. ತ್ರ್ಯಂಬಕ ಆಕೆಯ ಪಾದದ ಮೇಲೆ ಹಣೆಯಿಟ್ಟು ಮಕ್ಕಳಂತೆ ಬಿಕ್ಕಿದ.

ಹೊತ್ತು ಇಳಿಯುತ್ತ ಬಂತು. ಆಕೆಯ ಉಸಿರು ಬೇರೆ ತರಹ ಆಯಿತು. ಈ ಉಸಿರನ್ನು ಅವನು ಸುಲಭಾಳಲ್ಲಿ ಕೇಳಿದ್ದ. ಕಡೆಯ ಹೊತ್ತಿಗೆ ಆಕೆಯಂಥವರಿಗೆ ಏನು ಬೇಕಾಗಿರುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಹೇಳುವವರು ಬೇರೆ ಯಾರೂ ಹತ್ತಿರ ಇರಲಿಲ್ಲ. ಕಿವಿಯ ಹತ್ತಿರ ಬಗ್ಗಿದ.

"ಕಾಕು, ನಾರಾಯಣನ ಹೆಸರು ಹೇಳಲ್ಯಾ?"

ಆಕೆಯ ತುಟಿಯಲ್ಲಿ ಕಿಟಕಿಯ ಮುಂದೆ ತಿರುಗಿ ಅನ್ನುತ್ತಿದ್ದಾಗಿನ ಹಳೆಯ ನಗು ಬಂತು.

"ನೀ ಹೇಳಿದ್ರ ಸುಳ್ಳಾಗ್ತದ. ನಮ್ಮಿಬ್ಬರಾಗ ನಾ ಒಬ್ಬಾಕಿ ಸುಳ್ಳು ಹೇಳಿದ್ದು ಸಾಕು. ನಾನ ಹೇಳಿಕೋತೀನಿ. ನೀ ಕೈ ಹಿಡಕೊಂಡು ಕೂಡು, ಅಷ್ಟ."

ಕೂತ. ಸಾಲಿನ ಆಚೆ ಕಡೆಯಿಂದ ಮಂದಾಕಿನಿ ದೇವರಿಗೆ ದೀಪ ಹಚ್ಚಿ ಗಂಟೆ ಬಾರಿಸಿದ ಸದ್ದು ಬಂದಾಗ ಆಕೆಯ ತುಟಿ ಆಡುತ್ತಿತ್ತು. ಗಂಟೆ ನಿಂತ ಮೇಲೂ ಸ್ವಲ್ಪ ಹೊತ್ತು ಆಡಿತು. ಆಮೇಲೆ ಆಡಲಿಲ್ಲ. ಮರದ ಕೆಳಗಿನಿಂದ ರಾಯರು, "ತ್ರ್ಯಂಬಕಾ, ಹ್ಯಾಂಗದಾರೋ?" ಎಂದು ಕೂಗಿದರು. ಅವನು ಕೈ ಬಿಡದೆ ಕೂತೇ ಇದ್ದ.

ಚಿತೆಗೆ ಬೆಂಕಿಯನ್ನು ಅವನೇ ಇಟ್ಟ. ತಂದೆಯ ಶ್ರಾದ್ಧ ಮಾಡದವನಿಗೆ ಏನು ಅಧಿಕಾರ ಎಂದು ಕೇಳಲು ಅಂದು ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಅವನು ಆಕೆಯ ಗುಡಿಸಲಿನಲ್ಲೇ ಉಳಿದ. ದೇವರು ಇದ್ದಾನೆಂದು ಅವನಿಗೆ ಈಗಲೂ ಅನ್ನಿಸಲಿಲ್ಲ. ಅಂಬಾಬಾಯಿ ಇದ್ದಳು ಎನ್ನುವುದನ್ನು ಮಾತ್ರ ಅಲ್ಲಗಳೆಯಲಾಗುತ್ತಿರಲಿಲ್ಲ, ಅದೇ ಅವನನ್ನು ಮಲಗಗೊಡುತ್ತಿರಲಿಲ್ಲ.

ಪ್ಲೇಗು ಅಲ್ಲಿಗೆ ನಿಲ್ಲಲಿಲ್ಲ. ತೋಪಿನಲ್ಲೂ ಒಂದು ಇಲಿ ಬಿತ್ತು. ಮುಂಜಾನೆ ಎದ್ದವರು ಮೊದಲು ತಮ್ಮ ಕಂಕುಳು ಮುಟ್ಟಿಕೊಂಡು ನೋಡಿ ಆಮೇಲೆ ಮಾತಾಡುತ್ತಿದ್ದರು. ಒಂದು ದಿನ ಬಾಳಕೃಷ್ಣರಾಯರು ಹೆಂಡತಿ ಮಕ್ಕಳನ್ನು ಆಚೆಯ ಹೊಲಕ್ಕೆ ಕಳಿಸಿ, ತಮ್ಮ ಗುಡಿಸಲಿನ ತಟ್ಟಿ ಮುಚ್ಚಿ, ಒಳಗಿನಿಂದ ಹಗ್ಗ ಕಟ್ಟಿಕೊಂಡರು. ಬೇಲಿಯ ಆಚೆಯಿಂದ ಮಂದಾಕಿನಿ ಅಳುತ್ತ ಕೂಗಿದರೆ, "ಯಾರೂ ಬರಬ್ಯಾಡ್ರಿ, ನಾ ಛಲೋ ಇದ್ದೀನಿ," ಎನ್ನುವ ದನಿ ಬರುತ್ತಿತ್ತು. ಸಂಜೆಯ ಹೊತ್ತಿಗೆ ಆ ದನಿಯೂ ತೊದಲತೊಡಗಿತು.

ತ್ರ್ಯಂಬಕ ನೀರಿನ ಕೊಡ, ಗಂಜಿಯ ತಂಬಿಗೆ ತೆಗೆದುಕೊಂಡು ಹೋಗಿ ತಟ್ಟಿಯ ಮುಂದೆ ನಿಂತ.

"ರಾಯರ, ತಟ್ಟಿ ತಗೀರಿ."

"ಯಾರು, ತ್ರ್ಯಂಬಕ? ನಿನ್ನ ಕೈಯಿಂದ ಒಂದು ಹನಿ ನೀರೂ ಬ್ಯಾಡ ನನಗ. ನಿನಗ ಗುಡಿಸಲಾ ಕೊಡದವ ನಾನು. ಯಾವ ಮಾರಿ ಇಟಗೊಂಡು ತೊಗೋಳ್ಳಿ? ಹೋಗು."

ಒಳಗೆ ಕೆಮ್ಮು, ನರಳಿಕೆ. ತೋಪಿನ ಮೇಲೆ ಕತ್ತಲೆ ಇಳಿಯುತ್ತಿತ್ತು, ಬೇಲಿಯ ಆಚೆ ಮಂದಾಕಿನಿ ನಿಂತಿದ್ದಳು. ತ್ರ್ಯಂಬಕ ಕೊಡವನ್ನು ನೆಲಕ್ಕಿಟ್ಟು ಕಡ್ಡಿಪೆಟ್ಟಿಗೆ ತೆಗೆದ.

"ನಿಮ್ಮ ಸಲುವಾಗಿ ಯಾರು ಬಂದಾರ ರಾಯರ?" ಎಂದ. "ದೀಪದ ಹೊತ್ತಾತು. ದೇವರ ದೀಪಾ ಹಚ್ಚಲಿಕ್ಕೆ ಬಂದೀನಿ."

ಒಳಗಿನಿಂದ ಒಬ್ಬ ಗಂಡಸು ತಡೆದು ತಡೆದು ಅಳುವ ಸದ್ದು ಬಂತು. ಅದರ ಹಿಂದೆಯೇ ತಟ್ಟಿಯ ಹಗ್ಗ ಬಿಚ್ಚುವ ಸದ್ದು ಕೇಳಿಸಿತು.